ವರ್ಷಕ್ಕೊಂದು ಚಿಟಿಕೆ

ಕಬ್ಬು ನುರಿಸುವ ಹಂಗಾಮು ಶುರುವಾದರೆ ನಮ್ಮ ಕಡೆಯ ರಸ್ತೆಗಳು ನಿದ್ದೆ ಮಾಡುವುದಿಲ್ಲ. ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಕಾರ್ಖಾನೆಗೆ, ಮುನವಳ್ಳಿಯ ರೇಣುಕಾ ಶುಗರ್ಸಿಗೆ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ರಾತ್ರಿಯಿಡೀ ಹಾಡು ಹಚ್ಚಿಕೊಂಡು ಸಾಗುತ್ತವೆ. ಎರಡು ಟ್ರೇಲರ್ ಕೂಡಿ ಒಂದು ಟ್ರ್ಯಾಕ್ಟರಿಗೆ 20 ಟನ್ ಕಬ್ಬು ಎಂದು ಹಿಡಿಯೋಣ. ನೂರಕ್ಕೆ ಹತ್ತರಂತೆ ಇಳುವರಿ ಬಂದರೆ 2 ಟನ್ ಸಕ್ಕರೆ, ಅಂದರೆ 20 ಲಕ್ಷ ಗ್ರಾಂ.

ಈಗ ಇನ್ನೊಂದು ತೂಕ ನೋಡಿ. ಆರೋಗ್ಯವಂತ ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಅದರ ಪ್ರತಿ 100 ಮಿಲಿಲೀಟರಿನಲ್ಲಿ ಇರುವ ಸಕ್ಕರೆ 100 ಮಿಲಿಗ್ರಾಂ ಮುಟ್ಟುವುದಿಲ್ಲ. ಎಲ್ಲ ಕೂಡಿಸಿದರೂ 5 ಗ್ರಾಂ ಆಗುವುದಿಲ್ಲ. ಒಂದು ಚಹಾ ಚಮಚ, ಅಷ್ಟೇ. ಮಿದುಳು ಯೋಚಿಸುವುದು, ಕಾಲು ಹೊಲಕ್ಕೆ ನಡೆಯುವುದು, ಎದೆ ಬಡಿದುಕೊಳ್ಳುವುದು ಎಲ್ಲವೂ ಈ ಒಂದು ಚಮಚದ ಮೇಲೆ ನಡೆದಿದೆ. ದಾರಿಯಲ್ಲಿ ಹೋದ ಆ ಒಂದು ಟ್ರ್ಯಾಕ್ಟರಿನ ಸಕ್ಕರೆ 4 ಲಕ್ಷ ಜನರ ರಕ್ತಕ್ಕೆ ಸಾಕು. ಒಂದು ತಾಲ್ಲೂಕಿಗೆ ತಾಲ್ಲೂಕೇ ಆಯಿತು.

ಆ ಚಮಚ ತುಳುಕದಂತೆ ಕಾಯುವ ಕೆಲಸ ನನಗೆ, ನಿಮಗೆ ಗೊತ್ತೇ ಆಗದ ಹಾಗೆ ನಡೆಯುತ್ತದೆ. ಕೆಲವು ಮಕ್ಕಳಿಗೆ ಮಾತ್ರ ಅದನ್ನು ಕೈಯಾರೆ ಮಾಡಬೇಕಾಗಿ ಬರುತ್ತದೆ. ಈ ಬರಹ ಅವರದ್ದು.

ಸಂಪಗಾಂವಿಯ ಒಬ್ಬ ಹುಡುಗಿ ಎಂದು ಇಟ್ಟುಕೊಳ್ಳೋಣ. ಮುಂಬೈ ಇಲಾಖೆಯ ಕಾಲದಲ್ಲಿ ಈ ಸೀಮೆಗೆಲ್ಲ ಆ ಊರಿನ ಹೆಸರೇ ಇತ್ತು. ತಾಲ್ಲೂಕು ಸಂಪಗಾಂವ, ಕಚೇರಿ ಬೈಲಹೊಂಗಲದಲ್ಲಿ. ಹುಡುಗಿಗೆ ಹದಿನಾಲ್ಕು ವರ್ಷ, ಬೈಲಹೊಂಗಲಕ್ಕೆ ಬಸ್ಸಿನಲ್ಲಿ ಶಾಲೆಗೆ ಹೋಗುತ್ತಾಳೆ. ಎರಡು ವರ್ಷದ ಕೆಳಗೆ ಒಂದೇ ಸಮನೆ ಬಾಯಾರಿಕೆ, ರಾತ್ರಿ ನಾಲ್ಕು ಸಲ ಏಳುವುದು, ತಿಂದರೂ ಸೊರಗುವುದು ಶುರುವಾಗಿ, ಕೊನೆಗೆ ಎಚ್ಚರ ತಪ್ಪಿ ಆಸ್ಪತ್ರೆ ಸೇರಿದಾಗ ಟೈಪ್ 1 ಮಧುಮೇಹ ಎಂದು ಗೊತ್ತಾಯಿತು. ಅವಳ ತೂಕಕ್ಕೆ ಮೈಯಲ್ಲಿ 3 ಲೀಟರ್ ರಕ್ತ. ಇರಬೇಕಾದ ಸಕ್ಕರೆ 3 ಗ್ರಾಂ. ಒಂದು ಜೋಳದ ರೊಟ್ಟಿಯಲ್ಲಿ 40 ಗ್ರಾಂ ಹತ್ತಿರ ಪಿಷ್ಟ ಇರುತ್ತದೆ. ಅದು ಕರಗಿ ಆಗುವುದು ಸಕ್ಕರೆಯೇ. ಅಂದರೆ ಒಂದು ರೊಟ್ಟಿ ತಿಂದರೆ ರಕ್ತದಲ್ಲಿ ಇರುವುದರ ಹದಿಮೂರು ಪಟ್ಟು ಸಕ್ಕರೆ ಒಳಗೆ ಬಂತು. ಹಬ್ಬದ ಹೋಳಿಗೆಯ ಮಾತು ದೂರವೇ ಇರಲಿ, ದಿನದ ಊಟವೇ ಪ್ರವಾಹ.

ಈ ಪ್ರವಾಹ ತಡೆಯುವ ಅಣೆಕಟ್ಟು ಎಷ್ಟು ದೊಡ್ಡದು? ಮೇದೋಜೀರಕ ಗ್ರಂಥಿಯ ತೂಕ 100 ಗ್ರಾಮಿನೊಳಗೆ. ಅದರಲ್ಲಿ ಇನ್ಸುಲಿನ್ ಮಾಡುವ ಕಣಗಳು ಸಣ್ಣ ಸಣ್ಣ ಗುಂಪುಗಳಾಗಿ ಚದುರಿಕೊಂಡಿವೆ. ಗುಂಪುಗಳ ಎಣಿಕೆ ಸುಮಾರು 10 ಲಕ್ಷ. ಆ ಹತ್ತು ಲಕ್ಷವನ್ನೂ ಒಟ್ಟು ಮಾಡಿ ತಕ್ಕಡಿಗೆ ಹಾಕಿದರೆ ಒಂದೆರಡು ಗ್ರಾಂ. ಇವು ಐದಾರು ನಿಮಿಷಕ್ಕೊಮ್ಮೆ ಮಿಡಿದು, ಹೊತ್ತು ನೋಡಿ, ಊಟ ನೋಡಿ, ಬೇಕಾದಷ್ಟೇ ಇನ್ಸುಲಿನ್ ಬಿಡುತ್ತವೆ. ದಿನಕ್ಕೆ ಇನ್ನೂರಕ್ಕೂ ಹೆಚ್ಚು ಸಲ, ಒಂದು ಭಾನುವಾರವೂ ರಜೆಯಿಲ್ಲದೆ. ಟೈಪ್ 1ರಲ್ಲಿ ಮೈಯ ಕಾವಲು ಪಡೆಯೇ ದಾರಿ ತಪ್ಪಿ ಈ ಕಣಗಳನ್ನು ಶತ್ರುವೆಂದು ತಿಳಿದು ಕೊಲ್ಲುತ್ತದೆ. ಹುಡುಗಿ ಮಾಡಿದ ತಪ್ಪು ಏನೂ ಇಲ್ಲ. ಪೇಡೆ ತಿಂದದ್ದರಿಂದ ಇದು ಬರುವುದಿಲ್ಲ. ಇದನ್ನು ನಾನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಆ ಮನೆಯಲ್ಲಿ ಅಜ್ಜಿ ಇನ್ನೂ ಕೇಳುತ್ತಲೇ ಇರುತ್ತಾಳೆ: "ನಮ್ಮ ಮನಿತನದಾಗ ಯಾರಿಗೂ ಇಲ್ಲದ್ದು ನಿನಗ್ಯಾಕ ಬಂತ, ನನ ಕೂಸ?"

ಇನ್ಸುಲಿನ್ನಿನ ಕಸುವು ತಿಳಿಯಬೇಕಾದರೆ ನವಿಲುತೀರ್ಥದ ಅಣೆಕಟ್ಟಿಗೆ ಹೋಗಬೇಕು. ರೇಣುಕಾಸಾಗರ ತುಂಬಿದಾಗ ಅಲ್ಲಿ ನಿಲ್ಲುವ ನೀರು 37.73 ಟಿಎಂಸಿ. ಲೀಟರಿಗೆ ತಂದರೆ ಒಂದು ಲಕ್ಷ ಕೋಟಿಗಿಂತ ಹೆಚ್ಚು. ಆ ನೀರನ್ನೆಲ್ಲ ರಕ್ತವೆಂದು ಭಾವಿಸಿ, ಖಾಲಿ ಹೊಟ್ಟೆಯ ಆರೋಗ್ಯವಂತನ ರಕ್ತದಲ್ಲಿ ಇರುವಷ್ಟೇ ಹದಕ್ಕೆ ಇನ್ಸುಲಿನ್ ಬೆರೆಸಲು ಹೊರಟರೆ ಎಷ್ಟು ಬೇಕು? 50 ಕಿಲೋದ ಚೀಲ ಹೆಚ್ಚೆಂದರೆ ಏಳೆಂಟು. ಮಲಪ್ರಭೆಯ ಇಡೀ ಸಾಗರಕ್ಕೆ ಏಳೆಂಟು ಚೀಲ! ಲೆಕ್ಕ ತಪ್ಪಿತೋ ಎಂದು ನಾನು ಮೂರು ಸಲ ಮಾಡಿ ನೋಡಿದೆ. ತಪ್ಪಿರಲಿಲ್ಲ.

ಹುಡುಗಿಯ ಲೆಕ್ಕ ಇನ್ನೂ ಸಣ್ಣದು. ಒಂದು ಯೂನಿಟ್ ಇನ್ಸುಲಿನ್ನಿನ ತೂಕ 0.035 ಮಿಲಿಗ್ರಾಂ. ದಿನಕ್ಕೆ 40 ಯೂನಿಟ್ ಬೇಕಾದವರಿಗೆ 1.4 ಮಿಲಿಗ್ರಾಂ, ವರ್ಷಕ್ಕೆ ಅರ್ಧ ಗ್ರಾಂ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋದವರು ಹಣೆಗೆ ಹಚ್ಚಿಕೊಳ್ಳುವ ಭಂಡಾರವಿದೆಯಲ್ಲ, ಅದರ ಒಂದು ತುಂಬು ಚಿಟಿಕೆ. ಒಂದು ಜೀವ ಒಂದು ವರ್ಷ ಉಳಿಯುವುದಕ್ಕೆ ಒಂದು ಚಿಟಿಕೆ. ಅರವತ್ತು ವರ್ಷಕ್ಕೆ 30 ಗ್ರಾಂ, ಒಂದು ಹಿಡಿಯೊಳಗೆ ಮುಚ್ಚಿಕೊಳ್ಳಬಹುದು.

ಅದಿಲ್ಲದಿದ್ದರೆ ಕೆಲವೇ ದಿನಗಳಲ್ಲಿ ರಕ್ತ ಆಮ್ಲವಾಗುತ್ತದೆ, ಉಸಿರು ಏರುತ್ತದೆ, ಮಗು ಉಳಿಯುವುದಿಲ್ಲ. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ ಎಂದು ಐಸಿಎಂಆರ್ ಸಮೀಕ್ಷೆ 2023ರಲ್ಲಿ ಹೇಳಿತು. ಅವರಲ್ಲಿ ಬಹುಪಾಲು ದೊಡ್ಡವರು, ಟೈಪ್ 2ರವರು, ಮಾತ್ರೆಯ ಮೇಲೆ ನಡೆಯುವವರು. ಆ ಗದ್ದಲದಲ್ಲಿ ಈ ಮಕ್ಕಳ ರೋಗವೇ ಬೇರೆ ಎಂಬುದು ಮುಳುಗಿಹೋಗಿದೆ. ಓಣಿಯವರು ಬಂದು, "ಹಾಗಲಕಾಯಿ ರಸಾ ಕುಡಸ್ರಿ, ಆ ಸೂಜಿ ಬಿಡಸ್ರಿ" ಎನ್ನುತ್ತಾರೆ. ಕೇಡು ಬಯಸಿ ಅನ್ನುವುದಿಲ್ಲ. ಆದರೂ ಆ ಮಾತು ಕೇಳಿ ಸೂಜಿ ಬಿಡಿಸಿದ ಮನೆಗಳಲ್ಲಿ ಮಕ್ಕಳು ತೀರಿಹೋಗಿದ್ದಾರೆ. ಟೈಪ್ 1ಕ್ಕೆ ಇನ್ಸುಲಿನ್ ಬಿಟ್ಟು ಬೇರೆ ಜೀವದಾನ ಇಲ್ಲ.

ಈ ಔಷಧದ ಕಥೆ ಎಳೆಯರ ಕಥೆ. 1869ರಲ್ಲಿ ಬರ್ಲಿನ್ನಿನಲ್ಲಿ ಮೇದೋಜೀರಕದ ಆ ಕಣಗಳ ಗುಂಪನ್ನು ಮೊದಲು ಕಂಡು ಬರೆದ ಪಾಲ್ ಲ್ಯಾಂಗರ್‌ಹ್ಯಾನ್ಸ್ ಇನ್ನೂ 21ರ ವಿದ್ಯಾರ್ಥಿ. 1921ರ ಬೇಸಿಗೆಯಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಬೆನ್ನು ಹತ್ತಿದ ಫ್ರೆಡರಿಕ್ ಬ್ಯಾಂಟಿಂಗ್‌ಗೆ 29, ಅವನ ಜೊತೆಗಾರ ಚಾರ್ಲ್ಸ್ ಬೆಸ್ಟ್‌ಗೆ 22. 1922ರ ಜನವರಿ 11ರಂದು ಮೊದಲ ಸೂಜಿ ಚುಚ್ಚಿಸಿಕೊಂಡ ಲಿಯೊನಾರ್ಡ್ ಥಾಂಪ್ಸನ್‌ಗೆ ಹೆಚ್ಚುಕಡಿಮೆ ನಮ್ಮ ಹುಡುಗಿಯಷ್ಟೇ ವಯಸ್ಸು. ಬ್ಯಾಂಟಿಂಗ್ ಹುಟ್ಟಿದ ದಿನ ನವೆಂಬರ್ 14. ಜಗತ್ತಿಗೆ ಅದು ಮಧುಮೇಹ ದಿನ, ನಮಗೆ ಮಕ್ಕಳ ದಿನಾಚರಣೆ. ಶಾಲೆಯಲ್ಲಿ ಚಾಕಲೇಟು ಹಂಚುವ ಆ ಹೊತ್ತಿನಲ್ಲಿ ಸಾಲಿನಲ್ಲಿ ನಿಂತ ಒಂದು ಮಗು ಕೈ ಚಾಚಲೋ ಬೇಡವೋ ಎಂದು ಯೋಚಿಸುತ್ತಿರುತ್ತದೆ ಎಂದು ನೆನೆದರೆ ನನಗೆ ಕರುಳು ಚುರ್ ಎನ್ನುತ್ತದೆ.

ಎಲಿಜಬೆತ್ ಹ್ಯೂಸ್ ಎಂಬವಳ ಹೆಸರನ್ನು ಈ ಮಕ್ಕಳೆಲ್ಲ ತಿಳಿದಿರಬೇಕು. ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯ ಮಗಳು. ಹನ್ನೊಂದನೆಯ ವಯಸ್ಸಿನಲ್ಲಿ ರೋಗ ಬಂತು. ಇನ್ಸುಲಿನ್ ಇಲ್ಲದ ಕಾಲ; ಉಪವಾಸ ಕೆಡವಿ ಸಾವನ್ನು ಮುಂದೂಡುವುದೊಂದೇ ವೈದ್ಯ. 1922ರ ಆಗಸ್ಟ್‌ನಲ್ಲಿ ಬ್ಯಾಂಟಿಂಗ್ ಎದುರು ಬಂದು ನಿಂತಾಗ ಅವಳಿಗೆ ಹದಿನೈದು ತುಂಬುವುದರಲ್ಲಿತ್ತು, ತೂಕ 20 ಕಿಲೋ. ಆಮೇಲೆ ಅವಳು ಓದಿದಳು, ಮದುವೆಯಾದಳು, ಮೂರು ಮಕ್ಕಳ ತಾಯಿಯಾದಳು, 1981ರವರೆಗೆ ಬದುಕಿದಳು. ಅಷ್ಟರಲ್ಲಿ ತೆಗೆದುಕೊಂಡ ಸೂಜಿಗಳು ಸುಮಾರು 42,000. ಆದರೆ ಜೀವಮಾನವೆಲ್ಲ ಆಕೆ ತನ್ನ ರೋಗವನ್ನು ಜನರಿಂದ ಮುಚ್ಚಿಟ್ಟಳು. ವಾಷಿಂಗ್ಟನ್ನಿನ ದೊಡ್ಡ ಮನೆಯ ಮಗಳಿಗೆ ಇದ್ದ ಆ ಅಂಜಿಕೆ ಸಂಪಗಾಂವಿಯ ಮನೆಯಲ್ಲಿ ಇರುವುದರಲ್ಲಿ ಏನು ಆಶ್ಚರ್ಯ? "ಲಗ್ನಕ್ಕ ಅಡ್ಡ ಬರತೈತಿ, ಯಾರ ಮುಂದೂ ಹೇಳಬ್ಯಾಡ" ಎಂದು ಅವ್ವ ಪಿಸುಗುಟ್ಟುತ್ತಾಳೆ. ಮಧ್ಯಾಹ್ನದ ಸೂಜಿಯನ್ನು ಶಾಲೆಯ ಪಾಯಖಾನೆಯ ಬಾಗಿಲು ಹಾಕಿಕೊಂಡು ಮಾಡಿಕೊಳ್ಳುವ ಹುಡುಗಿ ಸ್ವಲ್ಪ ದಿನದಲ್ಲಿ ಅದನ್ನೂ ಬಿಡುತ್ತಾಳೆ. ರೋಗಕ್ಕಿಂತ ಬಚ್ಚಿಡುವ ಕೆಲಸ ಅವಳನ್ನು ಹೆಚ್ಚು ಸುಸ್ತು ಮಾಡುತ್ತದೆ.

ಸುಸ್ತಿನ ಲೆಕ್ಕವನ್ನೂ ಮಾಡೋಣ. ಅದನ್ನು ಮರೆಮಾಚಿ ಧೈರ್ಯ ಹೇಳುವುದು ನನಗೆ ಸರಿ ಕಾಣುವುದಿಲ್ಲ. ದಿನಕ್ಕೆ ನಾಲ್ಕು ಸೂಜಿ, ನಾಲ್ಕು ಸಲ ಬೆರಳು ಚುಚ್ಚುವುದು. ವರ್ಷಕ್ಕೆ 1,460 ಸೂಜಿ. ಹನ್ನೆರಡಕ್ಕೆ ಶುರುವಾದರೆ ಐವತ್ತು ವರ್ಷದಲ್ಲಿ 73,000. ಸಿರಿಂಜಿನ ಸೂಜಿ 6 ಮಿಲಿಮೀಟರಿನದು ಎಂದರೆ, ಒಟ್ಟು ಚರ್ಮದೊಳಗೆ ಇಳಿದದ್ದು 438 ಮೀಟರ್. 1,400 ಅಡಿ! ನಮ್ಮ ಎರಿ ಹೊಲದಲ್ಲಿ ಬೋರು ಹೊಡೆಸುವವರೂ ಅಷ್ಟು ಆಳಕ್ಕೆ ಇಳಿಯಲು ಅಂಜುತ್ತಾರೆ. ಹದಿನಾಲ್ಕರ ಕೂಸಿಗೆ ಆ 73,000ವನ್ನು ಒಮ್ಮೆಲೇ ತೋರಿಸಿದರೆ ಕೈಚೆಲ್ಲದೆ ಇನ್ನೇನು ಮಾಡೀತು?

ಮಗ್ಗುಲು ಬದಲಿಸಿ ನೋಡಿದರೆ ಇನ್ನೊಂದು ಕಾಣುತ್ತದೆ. ಗ್ಲೂಕೋಮೀಟರಿನ ಪಟ್ಟಿಗೆ ಬೇಕಾಗುವ ರಕ್ತ ಒಂದು ಮಿಲಿಲೀಟರಿನ ಸಾವಿರದ ಒಂದು ಪಾಲು, ಕೆಲವು ಪಟ್ಟಿಗಳಿಗೆ ಅದರ ಅರ್ಧ. ಐವತ್ತು ವರ್ಷ, 73,000 ಸಲ ಕೊಟ್ಟ ರಕ್ತವನ್ನೆಲ್ಲ ಹಿಡಿದಿಟ್ಟರೆ ಒಂದು ಸಣ್ಣ ಚಹಾ ಕಪ್ಪು ತುಂಬುವುದಿಲ್ಲ.

ಹದಿಹರೆಯದಲ್ಲಿ ಸಕ್ಕರೆ ಹಿಡಿತ ತಪ್ಪುವುದು ಹಟದಿಂದ, ಸೋಮಾರಿತನದಿಂದ ಎಂದು ಮನೆಯವರು ತಿಳಿಯುತ್ತಾರೆ. ಅಮೆರಿಕದಲ್ಲಿ 2016ರಿಂದ 2018ರವರೆಗೆ 22,697 ಟೈಪ್ 1 ಜನರ ಲೆಕ್ಕ ಹಿಡಿದರು. ಅಲ್ಲಿ ಇನ್ಸುಲಿನ್ ಪಂಪ್ ಉಂಟು, ಮೈಗೆ ಅಂಟಿಸುವ ಸೆನ್ಸರ್ ಉಂಟು, ವಿಮೆ ಉಂಟು. ಆದರೂ ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಐದು ವರ್ಷದ ಮಕ್ಕಳಲ್ಲಿ ಶೇಕಡಾ 8.1 ಇದ್ದದ್ದು 15ರಿಂದ 18ರ ವಯಸ್ಸಿಗೆ 9.3ಕ್ಕೆ ಏರಿತ್ತು. ಎಳೆಯರಿಗೆ ಗೊತ್ತುಮಾಡಿದ್ದ ಗುರಿ ಮುಟ್ಟಿದವರು ನೂರಕ್ಕೆ 17. ಮೈನೆರೆಯುವ ವಯಸ್ಸಿನಲ್ಲಿ ಬೆಳವಣಿಗೆಯ ಹಾರ್ಮೋನುಗಳು ಇನ್ಸುಲಿನ್ನಿನ ಕೈ ಕಟ್ಟುತ್ತವೆ. ನಿನ್ನೆ ಸಾಕಾದ ಡೋಸು ಇಂದು ಸಾಲುವುದಿಲ್ಲ. ಮೀಟರು 287 ತೋರಿಸಿದ ಕೂಡಲೇ "ಏನ್ ತಿಂದಿ? ಖರೇ ಹೇಳು" ಎಂದು ಅಪ್ಪ ಗದರಿಸಿದರೆ, ಮುಂದಿನ ವಾರ ಡೈರಿಯಲ್ಲಿ 130, 142, 118 ಎಂಬ ಚಂದದ ಅಂಕಿಗಳು ಬರುತ್ತವೆ. ಎಲ್ಲವೂ ಒಂದೇ ಪೆನ್ನಿನಿಂದ, ಒಂದೇ ಸಲ ಕೂತು ಬರೆದವು. ಬೈಗುಳ ತಪ್ಪಿಸಿಕೊಳ್ಳಲು ಮಗು ಬರೆದ ಆ ಸುಳ್ಳು ಅಂಕಿಯ ಮೇಲೆ ವೈದ್ಯರು ಡೋಸು ಬರೆಯುತ್ತಾರೆ. ಮೀಟರಿನ ಅಂಕಿ ಪರೀಕ್ಷೆಯ ಮಾರ್ಕ್ಸ್ ಅಲ್ಲ ಎಂದು ಆ ಅಪ್ಪನಿಗೆ ಯಾರಾದರೂ ಕೂಡಿಸಿಕೊಂಡು ಹೇಳಬೇಕು. "ಎಷ್ಟ ಬಂತವ್ವಾ? ಹಂಗಾರ ಈಗ ಏನ ಮಾಡೂಣು?" ಇಷ್ಟು ಕೇಳಿದರೆ ಸಾಕು.

ಈ ಎಚ್‌ಬಿಎ1ಸಿಯ ಒಳಗೇ ಒಂದು ದೊಡ್ಡ ದಯೆ ಅಡಗಿದೆ. ಕೆಂಪು ರಕ್ತಕಣಕ್ಕೆ ಸಕ್ಕರೆ ಅಂಟುತ್ತದೆ, ಆ ಅಂಟನ್ನು ಅಳೆದೇ ಅಂಕಿ ಬರುತ್ತದೆ. ಆದರೆ ಒಂದು ಕೆಂಪು ಕಣದ ಆಯುಷ್ಯ 120 ದಿನ. ಮೂಳೆಯ ಮಜ್ಜೆ ಸೆಕೆಂಡಿಗೆ 20 ಲಕ್ಷ ಹೊಸ ಕಣಗಳನ್ನು ಹೊರಗೆ ಬಿಡುತ್ತದೆ. ನೀವು ಈ ಸಾಲು ಓದಿ ಮುಗಿಸುವಷ್ಟರಲ್ಲಿ ಕೋಟಿ ದಾಟಿತು. ಕೆಟ್ಟ ದಿನಗಳ ಸಾಕ್ಷಿ ಹೇಳುವ ಕಣಗಳೆಲ್ಲ ನಾಲ್ಕು ತಿಂಗಳಲ್ಲಿ ಸತ್ತು, ಏನೂ ಕಾಣದ ಹೊಸ ಕಣಗಳು ಅವುಗಳ ಜಾಗಕ್ಕೆ ಬಂದಿರುತ್ತವೆ. 120 ದಿನ ಎಂದರೆ ಬೈಲಹೊಂಗಲ, ಸವದತ್ತಿ, ರಾಮದುರ್ಗದ ಯಾವ ರೈತನಿಗೂ ಬಾಯಿಪಾಠ: ಎರಿ ಹೊಲದ ಹಿಂಗಾರಿ ಜೋಳ. ಬಿತ್ತಿದ ಮಾಲ್ದಂಡಿ ತೆನೆ ಬಲಿತು ಕೊಯ್ಲಿಗೆ ಬರುವುದಕ್ಕೆ ಹಿಡಿಯುವ ಕಾಲ ಅಷ್ಟೇ. ಹೋದ ಸಲ ಕಾಡಿಗೆ ರೋಗ ಬಿತ್ತೆಂದು ಈ ಸಲ ಬಿತ್ತದೆ ಕೂತ ರೈತನನ್ನು ನಾನು ಕಂಡಿಲ್ಲ. ಮುಂದಿನ ಐವತ್ತು ಬೆಳೆಯ ಲೆಕ್ಕವನ್ನು ತಲೆಯ ಮೇಲೆ ಹೊತ್ತು ಕೂರಿಗೆ ಹಿಡಿದವನನ್ನೂ ಕಂಡಿಲ್ಲ. ಹುಡುಗಿಗೆ 73,000 ತೋರಿಸುವ ಬದಲು ಈ ಒಂದು ಬೆಳೆ ತೋರಿಸಬಹುದು. ಅಪ್ಪನ ಹೊಲದಲ್ಲಿ ಬಿತ್ತಿಗೆಯಾದ ದಿನ ಒಂದು ಪರೀಕ್ಷೆ, ಕೊಯ್ಲಿನ ಹೊತ್ತಿಗೆ ಇನ್ನೊಂದು.

ಫಸಲು ಎಷ್ಟು ಬರಬೇಕು? ಇದಕ್ಕೆ ಉತ್ತರ ಹೇಳುವ ಒಂದು ದೊಡ್ಡ ಪ್ರಯೋಗ ನಡೆದಿದೆ. 1983ರಿಂದ 1993ರವರೆಗೆ ಅಮೆರಿಕ, ಕೆನಡಾಗಳ 29 ಕೇಂದ್ರಗಳಲ್ಲಿ 1,441 ಜನ. 13ರಿಂದ 39ರ ವಯಸ್ಸಿನವರು. ಅರ್ಧ ಜನ ಅಂದಿನ ರೂಢಿಯ ಚಿಕಿತ್ಸೆ ತೆಗೆದುಕೊಂಡರು, ಉಳಿದರ್ಧ ಬಿಗಿಯಾಗಿ ಸಕ್ಕರೆ ನೋಡಿಕೊಂಡರು. ಎರಡೂ ಗುಂಪು ಕೂಡಿ 195 ಜನ 13ರಿಂದ 17 ವರ್ಷದ ಮಕ್ಕಳು. ಬಿಗಿಯಾಗಿ ನೋಡಿಕೊಂಡ ಮಕ್ಕಳೂ ಗುರಿ ಮುಟ್ಟಲಿಲ್ಲ; ಅವರ ಸರಾಸರಿ 8.06, ಇನ್ನೊಂದು ಗುಂಪಿನದು 9.76. ಎರಡಕ್ಕೂ ಮಧ್ಯೆ ಇದ್ದದ್ದು ಬರೀ 1.7. ಅಷ್ಟಕ್ಕೇ ಕಣ್ಣಿನ ಪರದೆಗೆ ಹಾನಿ ಇಲ್ಲದಿದ್ದ ಮಕ್ಕಳಲ್ಲಿ ಹಾನಿ ಆಗುವ ಅಪಾಯ ನೂರಕ್ಕೆ 53ರಷ್ಟು ಇಳಿಯಿತು. ಆಗಲೇ ಸ್ವಲ್ಪ ಹಾನಿ ಶುರುವಾಗಿದ್ದವರಲ್ಲಿ ಅದು ಬೆಳೆಯುವ ಅಪಾಯ ನೂರಕ್ಕೆ 70ರಷ್ಟು. ಪೂರ್ತಿ ಸರಿಯಾಗಿ ಮಾಡಿದವರಿಗೆ ಸಿಕ್ಕ ಬಹುಮಾನವಲ್ಲ ಇದು. ತಪ್ಪುತ್ತಾ, ಏಳುತ್ತಾ, ಅರ್ಧಮರ್ಧ ಮಾಡಿದವರಿಗೆ ಸಿಕ್ಕದ್ದು.

ನನ್ನನ್ನು ಬೆರಗುಗೊಳಿಸಿದ್ದು ಅದರ ಮುಂದಿನ ಭಾಗ. ಪ್ರಯೋಗ ನಡೆದದ್ದು ಒಬ್ಬೊಬ್ಬರಿಗೆ ಸರಾಸರಿ ಆರೂವರೆ ವರ್ಷ. ಮುಗಿದ ಮೇಲೆ ಎಲ್ಲರಿಗೂ ಒಂದೇ ಚಿಕಿತ್ಸೆ ಕಲಿಸಿದರು. ಕೆಲವು ವರ್ಷದಲ್ಲಿ ಎರಡೂ ಗುಂಪಿನ ಅಂಕಿ 8ರ ಆಸುಪಾಸು ಬಂದು ಒಂದಾಯಿತು. ಆದರೂ ಮೊದಲು ಚೆನ್ನಾಗಿ ನೋಡಿಕೊಂಡವರ ಕಣ್ಣು, ಮೂತ್ರಪಿಂಡ, ಹೃದಯ ದಶಕಗಳವರೆಗೆ ಉಳಿದವರಿಗಿಂತ ಗಟ್ಟಿಯಾಗಿ ಉಳಿದವು. ಆ ಆರೂವರೆ ವರ್ಷವನ್ನು ಮೈ ನೆನಪಿಟ್ಟುಕೊಂಡಿತ್ತು. ಜೋಳದ ಲೆಕ್ಕದಲ್ಲಿ 20 ಬೆಳೆ. ಹದಿಮೂರರ ಹುಡುಗಿ ಹತ್ತೊಂಬತ್ತು ದಾಟುವಷ್ಟರಲ್ಲಿ ಮುಗಿಯುವಂಥದ್ದು, ಅವಳ ನಲವತ್ತರ ಕಣ್ಣಿನ ಬೆಳಕಾಗಿ ಕೂತಿರಬಹುದು.

ಎಲ್ಲವೂ ಹುಡುಗಿಯ ಮನಸ್ಸಿನ ಗಟ್ಟಿತನದ ಮೇಲೆ ನಿಂತಿದೆ ಎಂದರೆ ಅದು ಅನ್ಯಾಯದ ಮಾತು. 2022ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದರಲ್ಲಿ ಬಂದ ಅಂದಾಜು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಹತ್ತನೆಯ ವಯಸ್ಸಿನಲ್ಲಿ ಟೈಪ್ 1 ಗೊತ್ತಾದ ಮಗು ಸಿರಿವಂತ ದೇಶದಲ್ಲಿ ಇನ್ನೂ ಸರಾಸರಿ 65 ವರ್ಷ ಬದುಕುತ್ತದೆ. ಕಡುಬಡ ದೇಶಗಳಲ್ಲಿ 13 ವರ್ಷ. ರೋಗ ಒಂದೇ, ಔಷಧ ಒಂದೇ. ನಡುವೆ ಇರುವುದು 52 ವರ್ಷ. ಆ ವರ್ಷಗಳು ಪಟ್ಟಿಯ ಬೆಲೆಯಲ್ಲಿ, ಆಸ್ಪತ್ರೆಯ ದೂರದಲ್ಲಿ, ಕೈತಪ್ಪಿದ ದಿನಗೂಲಿಯಲ್ಲಿ ಹರಿದುಹೋಗುತ್ತವೆ. ಹಳ್ಳಿಯಲ್ಲಿ ಚೈತ್ರ, ವೈಶಾಖದ ಬಿಸಿಲಿಗೆ ಇನ್ಸುಲಿನ್ ಕೆಡುತ್ತದೆ. ಫ್ರಿಜ್ ಇಲ್ಲದ ಮನೆಯಲ್ಲಿ ಮಣ್ಣಿನ ಗಡಿಗೆಯೊಳಗೆ ಇನ್ನೊಂದು ಪುಟ್ಟ ಮಡಿಕೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ, ಬಾಟಲಿಯನ್ನು ಹೊರಗಿಗಿಂತ ತಂಪಾಗಿ ಕಾಯಬಹುದು. ನಮ್ಮಲ್ಲಿ ಸಿಗುವ ಬಾಟಲಿ ಹೆಚ್ಚಾಗಿ 40ರ ಗುರುತಿನದು, ಅದಕ್ಕೆ ಕೆಂಪು ಟೋಪಿಯ ಸಿರಿಂಜೇ ಬೇಕು. ಕಿತ್ತಳೆ ಟೋಪಿಯದು 100ರದ್ದು. ಅದಲುಬದಲಾದರೆ ಡೋಸಿನಲ್ಲಿ ಎರಡೂವರೆ ಪಟ್ಟು ವ್ಯತ್ಯಾಸ. ಟೋಪಿಯ ಬಣ್ಣ ಓದಲು ಅಕ್ಷರ ಬೇಕಿಲ್ಲ, ಯಾರಾದರೂ ಒಮ್ಮೆ ತೋರಿಸಿಕೊಡಬೇಕು ಅಷ್ಟೇ. ಶಾಲೆಯವರಿಗೂ ಹೇಳಬೇಕಾದ್ದಿದೆ: ಇಂಥ ಮಕ್ಕಳಿಗೆ ತರಗತಿಯಲ್ಲಿ, ಪರೀಕ್ಷೆಯಲ್ಲಿ ಮೀಟರು, ಸೂಜಿ, ತಿನಿಸು ಇಟ್ಟುಕೊಳ್ಳಲು ಬಿಡಬೇಕೆಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ಆಯೋಗ 2023ರಲ್ಲೇ ರಾಜ್ಯಗಳಿಗೆ ಬರೆದಿದೆ.

ಕೊನೆಯ ಲೆಕ್ಕ ಒಂಟಿತನದ್ದು. 2021ರ ಅಂದಾಜಿನಂತೆ 20 ವರ್ಷದೊಳಗಿನ ಟೈಪ್ 1 ಮಕ್ಕಳು ಜಗತ್ತಿನಲ್ಲೇ ಅತಿ ಹೆಚ್ಚು ಇರುವುದು ಭಾರತದಲ್ಲಿ: 2,29,000ಕ್ಕೂ ಮೇಲೆ. ಕರ್ನಾಟಕದ ನೋಂದಣಿಯಲ್ಲಿ ಕಂಡುಬಂದದ್ದು ವರ್ಷಕ್ಕೆ ಲಕ್ಷ ಗಂಡುಮಕ್ಕಳಲ್ಲಿ 3.7, ಲಕ್ಷ ಹೆಣ್ಣುಮಕ್ಕಳಲ್ಲಿ 4 ಹೊಸಬರು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕೂಡಿ ಸುಮಾರು 10 ಲಕ್ಷ ಜನ, ಅದರಲ್ಲಿ ಮಕ್ಕಳು ಎರಡೂವರೆ ಮೂರು ಲಕ್ಷ ಎಂದರೆ, ವರ್ಷಕ್ಕೆ ಹತ್ತು ಹನ್ನೆರಡು ಮಕ್ಕಳು. ದೇಶದ ಲೆಕ್ಕದಲ್ಲಿ ಒಂದು ನಗರವಾಗುವಷ್ಟು ಮಂದಿ, ಊರಿನ ಲೆಕ್ಕದಲ್ಲಿ ಒಬ್ಬಳೇ. ಸಂಪಗಾಂವಿಯವಳು ತನ್ನಂಥ ಇನ್ನೊಬ್ಬರನ್ನು ಕಂಡೇ ಇರುವುದಿಲ್ಲ.

ಕಾಣುವುದು ಬೆಳಗಾವಿಯಲ್ಲಿ. ಅಲ್ಲಿನ ಕೆಎಲ್‌ಇ ಆಸ್ಪತ್ರೆಯ ಮಧುಮೇಹ ಕೇಂದ್ರದಂಥ ಕಡೆ ಈ ಮಕ್ಕಳು ದೂರದ ಹಳ್ಳಿಗಳಿಂದ ಬರುತ್ತಾರೆ. ಎಲ್ಲೋ ಒಂದು ಪಾಳಿಯ ಬೆಂಚಿನ ಮೇಲೆ, ಅವ್ವಂದಿರು ಬಸ್ಸಿನ ಹೊತ್ತು ಮಾತಾಡುತ್ತಿರುವಾಗ, ರಾಮದುರ್ಗದ ಕಡೆಯ ಹುಡುಗನೊಬ್ಬ ಪಕ್ಕದಲ್ಲಿ ಬಂದು ಕೂಡುತ್ತಾನೆ. ಅವನ ಬೆರಳ ತುದಿಯಲ್ಲೂ ಅದೇ ಕಪ್ಪು ಚುಕ್ಕೆಗಳು. ಅವನು ಅವಳ ಕೈಯಲ್ಲಿದ್ದ ಚೀಟಿಯ ಕಡೆ ನೋಡುತ್ತಾನೆ.

"ನಿಂದೆಷ್ಟ ಬಂತು?"

ಅವಳು ಚೀಟಿ ಮಡಚಲು ಹೋಗಿ, ಹಾಗೇ ಬಿಡುತ್ತಾಳೆ. "ಒಂಬತ್ತು ಪಾಯಿಂಟ್ ನಾಕು."

"ನಂದು ಹತ್ತಿತ್ತು. ಈಗ ಎಂಟೂವರಿ."

"ಹೆಂಗ ಮಾಡಿದಿ?"

ಅವನು ಬೆಂಚಿನ ಮೇಲೆ ಸ್ವಲ್ಪ ಸರಿದು ಜಾಗ ಮಾಡುತ್ತಾನೆ.